‘ನೂರೈವತ್ತು ವರ್ಷ ಹಳೆಯ’ ಪಂಜುರ್ಲಿ ಮುಖವಾಡ: ಸಂಗ್ರಾಹಕರೇ, ಹಣ ಕೊಡುವ ಮುನ್ನ ಓದಿ

ತುಳುನಾಡಿನ ಭೂತದ ಮುಖವಾಡವಿರಲಿ, ಛತ್ತೀಸಗಢದ ಬಸ್ತರದ ಢೋಕ್ರಾ (ಮೇಣದ ಎರಕದ ಲೋಹದ ಕೆಲಸ) ಆನೆಯಿರಲಿ, ತೊಗಲುಗೊಂಬೆಯಿರಲಿ, ಹಳೆಯ ಜನಪದ ಕಲಾವಸ್ತುಗಳನ್ನು ಹುಡುಕಿ ಕೊಳ್ಳುವ ಹವ್ಯಾಸ ನಿಮಗಿದ್ದರೆ, “ದೊಡ್ಡ ಮನೆತನದ ವಸ್ತು, ಮನೆ ಕೆಡವುತ್ತಿದ್ದಾರೆ, ಇವತ್ತೇ ಹೇಳಿ” ಎಂದು ಅವಸರಪಡಿಸುವ ವ್ಯಾಪಾರಿಗಳನ್ನು ದಯವಿಟ್ಟು ನಂಬಬೇಡಿ. ನನ್ನ 62,000 ರೂಪಾಯಿ ಹೋಗಿದೆ. ಹಣಕ್ಕಿಂತ ಹೆಚ್ಚಾಗಿ, ಆ ಮುಖವಾಡವನ್ನು ಮನೆಗೆ ಬಂದವರಿಗೆಲ್ಲ ತೋರಿಸಿ, ಅದರ ಕಥೆಯನ್ನು ಹೇಳಿದ್ದನ್ನು ನೆನೆದರೆ ಇಂದಿಗೂ ತಲೆ ಎತ್ತಲಾಗುವುದಿಲ್ಲ.

ಅದು ತುಳುನಾಡಿನ ಹಂದಿರೂಪದ ದೈವವಾದ ಪಂಜುರ್ಲಿಯ, ಹಿತ್ತಾಳೆಯಲ್ಲಿ ಎರಕ ಹೊಯ್ದ ಮುಖವಾಡ. ಕಾರ್ಕಳದ ಕಡೆಯ ಗುತ್ತಿನ ಮನೆಯೊಂದರಿಂದ (ಹಳೆಯ ಪ್ರತಿಷ್ಠಿತ ಮನೆತನದ ಮನೆ) ಬಂದದ್ದು, ನೂರೈವತ್ತು ವರ್ಷಕ್ಕೆ ಕಡಿಮೆಯಿಲ್ಲ ಎಂದು ಅದನ್ನು ನನಗೆ ಮಾರಿದ ಬೆಂಗಳೂರಿನ ಅಂಗಡಿಯವರು ಹೇಳಿದರು. ಬಲಗಿವಿಯ ತುದಿ ಮಡಚಿಕೊಂಡಿತ್ತು, ಎಡಗೆನ್ನೆಯ ಮೇಲೆ ಹೆಬ್ಬೆರಳು ಹಿಡಿಯುವಷ್ಟು ತಗ್ಗು ಬಿದ್ದಿತ್ತು. ಆ ತಗ್ಗಿನಲ್ಲಿ ತಮ್ಮ ಹೆಬ್ಬೆರಳನ್ನು ಇಟ್ಟು ಅವರು, “ನೋಡಿ ಸಾರ್, ನೇಮದ (ದೈವದ ಉತ್ಸವದ) ರಾತ್ರಿ ಕೆಳಗೆ ಬಿದ್ದು ಆದ ಪೆಟ್ಟು ಇದು, ಹೊಸ ವಸ್ತುವಿನಲ್ಲಿ ಇಂಥದ್ದು ಎಲ್ಲಿ ಸಿಗುತ್ತದೆ?” ಎಂದರು. ನಾನು ಕೊಂಡದ್ದು ಆ ಪೆಟ್ಟಿನ ಗುರುತನ್ನು ನೋಡಿಯೇ.

ಕೆಲವು ವಾರಗಳ ನಂತರ ಮೈಸೂರಿನ ಸಂಗ್ರಾಹಕ ಮಿತ್ರರೊಬ್ಬರು, “ಇದನ್ನು ಕೊಳ್ಳಬಹುದೇ?” ಎಂದು ಕೇಳಿ ಒಂದು ಚಿತ್ರ ಕಳಿಸಿದರು. ಅದೇ ಪಂಜುರ್ಲಿ. ಬಲಗಿವಿ ಅದೇ ರೀತಿ ಮಡಚಿತ್ತು, ಎಡಗೆನ್ನೆಯಲ್ಲಿ ಅದೇ ತಗ್ಗು, ಅದೇ ಜಾಗದಲ್ಲಿ, ಅದೇ ಆಳದಲ್ಲಿ. ನನ್ನ ಮುಖವಾಡ ಮಾತ್ರ ನನ್ನ ಎದುರಿಗೇ ಗೋಡೆಯ ಮೇಲಿತ್ತು. ಮೇಣದ ಎರಕದ ಹಳೆಯ ಪದ್ಧತಿಯಲ್ಲಿ ಮೇಣ ಕರಗಿ ಹೋಗುತ್ತದೆ, ಮಣ್ಣಿನ ಅಚ್ಚನ್ನು ಒಡೆದೇ ವಸ್ತುವನ್ನು ಹೊರತೆಗೆಯಬೇಕು. ಆದ್ದರಿಂದ ಕೈಯಿಂದಲೇ ಮೇಣ ತಿದ್ದಿ ಮಾಡಿದ ಎರಡು ಮುಖವಾಡಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದು ಸಾಧ್ಯವೇ ಇಲ್ಲ. ಬಿದ್ದ ಪೆಟ್ಟಂತೂ ಎರಡರಲ್ಲಿ ಒಂದೇ ರೀತಿ ಆಗಲು ಸಾಧ್ಯವೇ? ಪೆಟ್ಟನ್ನೂ ಸೇರಿಸಿಯೇ ಅಚ್ಚು ತೆಗೆದಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದಾಗ ಹಸಿರು ಕಿಲುಬೆಲ್ಲ ಪುಡಿಯಾಗಿ ಬಟ್ಟೆಗೆ ಹತ್ತಿತು. ಕಾಲದಿಂದ ಕಟ್ಟಿದ ಕಿಲುಬು ಲೋಹವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಎರಡೂ ಚಿತ್ರಗಳನ್ನು ಅಂಗಡಿಯವರಿಗೆ ಕಳಿಸಿದೆ. ಮೊದಲ ಉತ್ತರ: “ಅದು ಜೋಡಿ ಸಾರ್, ಒಂದೇ ಮನೆಯದು.” ಜೋಡಿಯಾದರೆ ಪೆಟ್ಟೂ ಜೋಡಿಯಾಗಿ ಬೀಳುತ್ತದೆಯೇ ಎಂದು ಕೇಳಿದ್ದಕ್ಕೆ ಎರಡು ದಿನ ಮೌನ. ಆಮೇಲೆ, “ಬಿಲ್ ನೋಡಿಕೊಳ್ಳಿ” ಎಂಬ ಒಂದೇ ಸಾಲು. ಬಿಲ್ಲಿನಲ್ಲಿ ‘ಹಿತ್ತಾಳೆಯ ಅಲಂಕಾರ ಸಾಮಗ್ರಿ’ ಎಂದಷ್ಟೇ ಬರೆದಿತ್ತು. ಕೊಳ್ಳುವ ದಿನ ಇದನ್ನು ಪ್ರಶ್ನಿಸಿದಾಗ, “ಹಳೆಯದು ಎಂದು ಬರೆದರೆ ನಿಮಗೇ ತೊಂದರೆ” ಎಂದು ನನ್ನ ಹಿತ ಕಾಯುವವರಂತೆ ಹೇಳಿದ್ದವರು ಇವರೇ! ಕೊನೆಗೆ ಹಣ ಹಿಂದಿರುಗಿಸುವ ಬದಲು ದಂತದ ಕುಂಕುಮ ಭರಣಿಯೊಂದನ್ನು ಕೊಡುತ್ತೇನೆ ಎಂದರು. 1986 ಮತ್ತು 1991ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿಗಳಿಂದ ದಂತದ ವ್ಯಾಪಾರವೇ ದೇಶದಲ್ಲಿ ನಿಷಿದ್ಧವಾಗಿದೆ. ಮೋಸ ಮಾಡಿದ್ದು ಸಾಲದೆಂದು ನನ್ನನ್ನು ಅಪರಾಧಕ್ಕೂ ಎಳೆಯಲು ನೋಡಿದರು.

ಅವರ ಮಾತಿನಂತೆ ವಸ್ತು ನಿಜವಾಗಿ ಹಳೆಯದೇ ಎಂದಿಟ್ಟುಕೊಳ್ಳಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂಥ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಪರವಾನಗಿ ತೋರಿಸಿ ಎಂದರೆ ಉತ್ತರವಿಲ್ಲ. ಹಳೆಯದಾದರೆ ಅವರದು ಕಾನೂನುಬಾಹಿರ ವ್ಯಾಪಾರ, ಹೊಸದಾದರೆ ಶುದ್ಧ ವಂಚನೆ, ಮೂರನೆಯದೊಂದು ದಾರಿ ಅವರಿಗಿಲ್ಲ. ನನಗೆ ಇನ್ನೂ ಸಿಟ್ಟು ತರಿಸುವ ಸಂಗತಿಯೆಂದರೆ, ನಿಜವಾದ ಮುಖವಾಡ ದೈವದ ಭಂಡಾರದಲ್ಲಿದ್ದು ನೇಮದ ದಿನ ಹೊರಬರುವಂಥದ್ದು; ಊರಿನವರು ನಂಬಿ ನಡೆಯುವ ಆ ವಸ್ತುವನ್ನು ‘ಮನೆ ಕೆಡವಿದಾಗ ಸಿಕ್ಕಿತು’ ಎಂಬ ಕಥೆಯೊಂದಿಗೆ ಮಾರುವುದು ರೂಢಿಯಾದರೆ, ನಾಳೆ ಕದ್ದು ತಂದದ್ದಕ್ಕೂ ಇದೇ ಕಥೆ ಸಾಕಾಗುತ್ತದೆ.

ವಸ್ತುವಿನ ಕಾಲವನ್ನೂ ಮೂಲವನ್ನೂ ಬಿಲ್ಲಿನಲ್ಲಿ ಬರೆದುಕೊಡಲು ಒಪ್ಪದವರ ಬಳಿ ಏನನ್ನೂ ಕೊಳ್ಳಬೇಡಿ, ಅವರು ಎಷ್ಟೇ ಸವಿಯಾಗಿ ಮಾತನಾಡಲಿ. ಲೋಹದ ವಸ್ತುವಾದರೆ ಹಿಂಬದಿಯನ್ನೂ ಕಿವಿಯ ಅಂಚನ್ನೂ ಹಗಲು ಬೆಳಕಿನಲ್ಲಿ ನೋಡಿ. ನನ್ನದರಲ್ಲಿ ಅಂಚಿನುದ್ದಕ್ಕೂ ಅಚ್ಚಿನ ಭಾಗಗಳು ಕೂಡುವಲ್ಲಿ ಮೂಡುವ ಗೆರೆಯನ್ನು ಅರದಿಂದ ಉಜ್ಜಿದ ಗುರುತಿದೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾಗದಪತ್ರ ಸಿದ್ಧಪಡಿಸುತ್ತಿದ್ದೇನೆ. ಬಲಗಿವಿ ಮಡಚಿದ, ಎಡಗೆನ್ನೆ ತಗ್ಗಿದ ಪಂಜುರ್ಲಿಯನ್ನು ಯಾರಾದರೂ ನಿಮಗೂ ತೋರಿಸಿದ್ದರೆ ಆ ಚಿತ್ರವನ್ನೂ ಅವರ ಮಾತುಗಳನ್ನೂ ಅಳಿಸದೆ ಇಟ್ಟುಕೊಂಡು ನನಗೆ ತಿಳಿಸಿ. ಎರಡಕ್ಕಿಂತ ಹೆಚ್ಚು ಮುಖವಾಡಗಳಿವೆ ಎಂದು ಸಾಬೀತಾದರೆ ಆ ‘ಜೋಡಿ’ಯ ಮಾತು ಆಯೋಗದ ಮುಂದೆ ನಿಲ್ಲುವುದಿಲ್ಲ.