ದೇಶೀ ಸ್ಪೆಕ್ಟ್ರೋಫೋಟೋಮೀಟರ್: ಕೊಳ್ಳಬಹುದಾ?

ನಮ್ಮ ಲ್ಯಾಬಿಗೆ ದೇಶದಲ್ಲೇ ತಯಾರಾದ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ ತರಿಸಿದೆವು. ದ್ರಾವಣ ಯಾವ ಅಲೆಯುದ್ದದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯಂತ್ರ ಇದು. ಅಲೆಯುದ್ದ ಸರಿಯಾಗಿ ತೋರಿಸುತ್ತದಾ ಎಂದು ಮೊದಲು ಹೋಲ್ಮಿಯಂ ಆಕ್ಸೈಡ್ ಫಿಲ್ಟರ್ ಇಟ್ಟು ನೋಡಿದೆ; ಅದು ಯಾವ ಅಲೆಯುದ್ದಗಳಲ್ಲಿ ಬೆಳಕು ಹೀರುತ್ತದೆ ಎಂಬುದು ಮೊದಲೇ ಗೊತ್ತು. 361 ಮತ್ತು 536 ನ್ಯಾನೋಮೀಟರ್ ಹತ್ತಿರದ ಪೀಕ್‌ಗಳು ಸರಿಯಾದ ಜಾಗದಲ್ಲೇ ಬಂದವು. ತುಂಬಾ ಖುಷಿಯಾಯಿತು.

ತೊಂದರೆ ಇರುವುದು 220 ನ್ಯಾನೋಮೀಟರ್‌ಗಿಂತ ಕೆಳಗೆ. ಅಲ್ಲಿ ಸ್ಟ್ರೇ ಲೈಟ್ (ಡಿಟೆಕ್ಟರ್‌ಗೆ ನುಸುಳುವ ಬೇಡದ ಬೆಳಕು) ಜಾಸ್ತಿ. ಗಾಢ ದ್ರಾವಣ ಇಟ್ಟರೆ ಅಬ್ಸಾರ್ಬೆನ್ಸ್ (ಬೆಳಕು ಹೀರುವಿಕೆಯ ಅಳತೆ) ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಬೆಳಕನ್ನು ಅಲೆಯುದ್ದಗಳಾಗಿ ಬಿಡಿಸುವ ಗ್ರೇಟಿಂಗ್, ಯುವಿ ಬೆಳಕು ಕೊಡುವ ಡ್ಯುಟೀರಿಯಂ ದೀಪ, ಬೆಳಕನ್ನು ಅಳೆಯುವ ಡಿಟೆಕ್ಟರ್ ಮೂರೂ ಹೊರದೇಶದವು. ದೀಪ ಹೋದಾಗ ವಾರಗಟ್ಟಲೆ ಕಾದೆವು. ಬಂದ ಎಂಜಿನಿಯರ್ ಮಾತ್ರ ತಾಳ್ಮೆಯಿಂದ ಎಲ್ಲ ಬಿಚ್ಚಿ ತೋರಿಸಿದರು.

ಟೆಂಡರ್‌ಗಳು ತಯಾರಕರಿಂದ ಹಳೆಯ ಮಾರಾಟದ ದಾಖಲೆ ಕೇಳುತ್ತವೆ. ಯಾರೂ ಕೊಳ್ಳದಿದ್ದರೆ ದಾಖಲೆ ಎಲ್ಲಿಂದ ಬರಬೇಕು, ಅಲ್ವಾ? ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಪಾಠದ ಲ್ಯಾಬಿಗೆ ಧೈರ್ಯವಾಗಿ ಕೊಳ್ಳಿ. ಇನ್ನೊಂದು ದೀಪ ಜೊತೆಗೇ ತರಿಸಿಕೊಳ್ಳಿ.