ಮುಧೋಳ ನಾಯಿಗೆ ಸರಪಳಿ, ಪ್ಲಾಸ್ಟಿಕ್ ಗೂಡು, ತಂತಿ ಕ್ರೇಟ್: ಮೂರನ್ನೂ ನೋಡಿದೆವು

ನಮ್ಮ ಚಿಗರಿ ಮುಧೋಳ ತಳಿಯ ಹೆಣ್ಣು ನಾಯಿ. ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದಾಗ ಅದಕ್ಕೆ ಒಂದೂವರೆ ವರ್ಷ. ಗೇಟ್ ಸದ್ದಾದರೆ ಸಾಕು, ಬೊಗಳುತ್ತಾ ನುಗ್ಗುತ್ತಿತ್ತು. ನಾವು ಪೇಟೆಗೆ ಹೋಗಿ ಬರುವಷ್ಟರಲ್ಲಿ ದಿಂಬಿನ ಹತ್ತಿಯೆಲ್ಲ ನೆಲದ ಮೇಲೆ.

ಮೊದಲು ಸರಪಳಿ. ನಮ್ಮ ಕಡೆ ನಾಯಿಯನ್ನು ಬೇವಿನ ಗಿಡಕ್ಕೆ ಕಟ್ಟುವುದೇ ರೂಢಿ. ಯಾರಾದರೂ ಬಂದರೆ ಓಡುವುದು, ಕುತ್ತಿಗೆ ಜಗ್ಗಿದಾಗ ಇನ್ನಷ್ಟು ಸಿಟ್ಟಾಗುವುದು. ಜನ ಬಂದರೆ ನೋವಾಗುತ್ತದೆ ಅಂತಲೇ ಅದು ಕಲಿಯಿತು. ಹದಿನೈದು ದಿನಕ್ಕೆ ಬಿಚ್ಚಿದೆ. ಇನ್ನು ಕಟ್ಟುವುದಿಲ್ಲ.

ಆಮೇಲೆ ಪ್ಲಾಸ್ಟಿಕ್ ಗೂಡು. ಒಳಗೆ ಕತ್ತಲು, ಸದ್ದಿಗೆ ಹೆದರುವ ನಾಯಿಗೆ ಒಳ್ಳೆಯದೇ. ಆದರೆ ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಪಕ್ಕದ ಸಣ್ಣ ಕಿಂಡಿಗಳಿಂದ ಫ್ಯಾನ್ ಗಾಳಿ ಒಳಗೆ ಹೋಗುವುದೇ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು ನನ್ನದು. ಮೊದಲ ದಿನವೇ ಒಳಗೆ ತಳ್ಳಿ ಬಾಗಿಲು ಹಾಕಿದೆ. ಹತ್ತು ನಿಮಿಷಕ್ಕೆ ಉಚ್ಚೆ ಹೊಯ್ದು, ಬಾಗಿಲು ಕೆರೆದು ಉಗುರಿನಿಂದ ರಕ್ತ ಬಂದಿತ್ತು. ಆಮೇಲೆ ಆ ಗೂಡು ಕಂಡರೇ ದೂರ ಸರಿಯುತ್ತಿತ್ತು.

ಮೂರನೆಯದು ಮಡಚುವ ತಂತಿ ಕ್ರೇಟ್, ಅಂದರೆ ಪಂಜರ. ಮುಧೋಳದ ನಾಯಿಗೆ ಕಾಲು ಉದ್ದ, ಸುಮ್ನೆ ತೂಕ ನೋಡಿ ಕೊಂಡರೆ ಚಿಕ್ಕದಾಗುತ್ತದೆ. ತಲೆ ಎತ್ತಿ ನಿಲ್ಲಬೇಕು, ಪೂರ್ತಿ ತಿರುಗಬೇಕು, ಕಾಲು ಚಾಚಿ ಮಲಗಬೇಕು. ನಾವು 48 ಇಂಚಿನದು ತಂದೆವು. ತಳದ ತಟ್ಟೆ ಠಣ್ ಅಂದಾಗ ಬೆಚ್ಚಿತು. ಹಳೆಯ ಕೌದಿ ಮಡಚಿ ಹಾಸಿದೆ. ಸದ್ದು ನಿಂತಿತು, ಮೈಮೇಲೆ ಮಾಂಸ ಕಡಿಮೆ ಇರುವ ಈ ನಾಯಿಯ ಮೊಣಕೈಗೂ ಮೆತ್ತಗಾಯಿತು.

ಈ ಸಲ ಬಾಗಿಲನ್ನು ಹಗ್ಗದಿಂದ ತೆರೆದೇ ಕಟ್ಟಿಟ್ಟೆ. ಬೇಯಿಸಿದ ಕೋಳಿ ತುಣುಕು ಮೊದಲು ಹೊರಗೆ, ಆಮೇಲೆ ಹೊಸ್ತಿಲ ಮೇಲೆ, ಆಮೇಲೆ ಒಳಗೆ. ನಾಲ್ಕನೇ ದಿನ ಮುಂಗಾಲು ಒಳಗೆ, ಹಿಂಗಾಲು ಹೊರಗೇ ಊರಿ, ಮೈಯನ್ನು ಬಿಲ್ಲಿನಂತೆ ಚಾಚಿ ತುಣುಕು ಎತ್ತಿಕೊಂಡಿತು. ನಾನು ಉಸಿರು ಬಿಗಿ ಹಿಡಿದು ಕೂತಿದ್ದೆ. ವಾರದ ನಂತರ ಊಟವೇ ಅಲ್ಲಿ. ಅದು ಮೆಲ್ಲುವಾಗ ಐದು ಸೆಕೆಂಡ್ ಬಾಗಿಲು ಹಾಕಿ, ತಿಂದು ಮುಗಿಸುವ ಮೊದಲೇ ತೆಗೆಯುವುದು. ಕುಂಯ್ ಅಂದರೆ ಮರುದಿನ ಹೊತ್ತು ಕಡಿಮೆ. ಅರ್ಧ ಗಂಟೆಗೆ ಬರಲು ಒಂದೂವರೆ ತಿಂಗಳು ಬೇಕಾಯಿತು.

"ಪಾಪ, ಅದನ್ಯಾಕ ಜೇಲಿನ್ಯಾಗ ಇಡ್ತೀಯೋ?" ಅಂತ ಅವ್ವ ಕೇಳುತ್ತಿದ್ದಳು. ತಪ್ಪು ಮಾಡಿದಾಗ ಒಳಗೆ ಕೂಡಿಹಾಕಿದರೆ ಅದು ಜೈಲೇ. ಚಿಗರಿ ಏನು ಹರಿದರೂ ನಾನು ಒಂದು ಸಲವೂ ಹಾಗೆ ಮಾಡಲಿಲ್ಲ. ಬೆಳಿಗ್ಗೆ ಚೆನ್ನಾಗಿ ಓಡಿಸದೆ ಕೂಡಿಹಾಕುವುದೂ ಇಲ್ಲ.

ತಂತಿ ಕ್ರೇಟಿನ ಕೊರತೆ ಅಂದರೆ ಎಲ್ಲ ಕಡೆಯಿಂದ ಎಲ್ಲ ಕಾಣುತ್ತದೆ, ಬೊಗಳುವುದು ಜಾಸ್ತಿ. ಮೂರು ಕಡೆ ತೆಳು ಹತ್ತಿ ಚಾದರ ಹೊದಿಸಿ, ಕೂಲರ್ ಕಡೆ ಬಿಟ್ಟೆ. ಈಗ ಗೇಟ್ ಸದ್ದಾದರೆ ಎರಡು ಸಲ ಬೊಗಳಿ ಸುಮ್ಮನಾಗುತ್ತದೆ.

ಒಂದು ಎಚ್ಚರಿಕೆ. ನಾವಿಲ್ಲದಾಗ ಚಿಗರಿ ಏನು ಮಾಡುತ್ತದೆ ಅಂತ ಮೊಬೈಲ್ ಇಟ್ಟು ವಿಡಿಯೊ ಮಾಡಿದ್ದೆ. ಮೊದಲು ನಿದ್ದೆ, ಆಮೇಲೆ ದಿಂಬು. ಅದು ಬೇಸರ. ನೀವು ಹೊರಟ ಕೂಡಲೇ ಜೊಲ್ಲು ಸುರಿಸಿ, ಬಾಗಿಲು ಕಚ್ಚಿ ಒದ್ದಾಡುವ ನಾಯಿಯದು ಭಯ. ಅಂಥದನ್ನು ಯಾವ ಕ್ರೇಟಿನಲ್ಲೂ ಕೂಡಿಹಾಕಬೇಡಿ, ಹಲ್ಲು ಮುರಿದುಕೊಳ್ಳುತ್ತದೆ. ಪಶುವೈದ್ಯರಿಗೆ ತೋರಿಸಿ.

ಆ ಪ್ಲಾಸ್ಟಿಕ್ ಗೂಡನ್ನು ಎಸೆದಿಲ್ಲ. ದೀಪಾವಳಿ ಪಟಾಕಿ ಹೊತ್ತಿಗೆ ಕತ್ತಲ ಮೂಲೆ ಬೇಕಲ್ವಾ? ಸದ್ಯಕ್ಕೆ ಮೇಲಿನ ಅರ್ಧ ಬಿಚ್ಚಿ, ಅದೇ ಕೌದಿ ಹಾಸಿ, ಹೊಸ್ತಿಲಿನಿಂದಲೇ ಮತ್ತೆ ಶುರು ಮಾಡಿದ್ದೇನೆ. ನಿನ್ನೆ ಮುಂಗಾಲು ಒಂದನ್ನು ಒಳಗಿಟ್ಟಿತು.