ಮಂಗಳೂರಿನ ‘ಭೂತ ಪ್ರವಾಸ’: ಊಟ ಭರ್ಜರಿ, ಕಥೆ ಅರ್ಧಂಬರ್ಧ

ತಲೆಗೆ 900 ರೂಪಾಯಿ. ಎಸಿ ವ್ಯಾನ್, ಮಧ್ಯಾಹ್ನ ಕೋರಿರೊಟ್ಟಿ, ಇದಕ್ಕೆಲ್ಲ ಹೆಸರಿಡುವಂತಿಲ್ಲ. ಕೊರಗಜ್ಜ ದೈವದ ಸ್ಥಳವಾದ ಕುತ್ತಾರಿಗೆ ಬಂದದ್ದೇ ಗೈಡ್ ದನಿ ತಗ್ಗಿಸಿ, ಕೋಲದ (ದೈವಕ್ಕೆ ಕುಣಿತದ ಸೇವೆಯ) ರಾತ್ರಿ ಇಲ್ಲಿ ದೀಪ ಹಚ್ಚುವುದಿಲ್ಲ ಅಂತ ಹೆದರಿಸಲು ನೋಡಿದ. ಉಡುಪಿ ಕಡೆಯವಳಾದ ನನಗೆ ನಗು ಬಂತು. ಬೀಗದಕೈ ಕಳೆದರೂ ನಾವು ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಹೇಳಿಕೊಳ್ಳುವುದು ಈ ಕೊರಗಜ್ಜನಿಗೇ. ಹಾರರ್ ಪಿಕ್ಚರಿನ ದೆವ್ವವೇ ಈ ಅಜ್ಜ?

ದೈವದ ಕಥೆ ಹೇಳುವ ತುಳು ಹಾಡು ಪಾಡ್ದನದಲ್ಲಿರುವುದು ಕೊರಗ ಬುಡಕಟ್ಟಿನ ಹುಡುಗ ತನಿಯ. ತಬ್ಬಲಿ, ಕಳ್ಳು ಮಾರುವ ಬೈದೆದಿ ಸಾಕಿದಳು. ಏಳಾಳಿನ ಹೊರೆ ಒಬ್ಬನೇ ಹೊತ್ತು ದೈವಸ್ಥಾನಕ್ಕೆ ತಂದ. ಹೊರೆ ಒಳಗೆ ಹೋಯಿತು, ಅವನನ್ನು ಹೊರಗೇ ನಿಲ್ಲಿಸಿದರು. ಅವನು ಮಾಯವಾಗಿ ಕೊರಗಜ್ಜನಾದದ್ದು ಅಲ್ಲಿಂದಲೇ. ಗೈಡ್ ಇದನ್ನು ಎರಡು ಸಾಲಿನಲ್ಲಿ ಮುಗಿಸಿದ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಗೆ ಕಾಯ್ದೆಯ ನಿಷೇಧ ಬಂದದ್ದು 2000ದಲ್ಲಿ (ಅಷ್ಟು ಈಚೆಗೆ!). ಆ ಸುದ್ದಿಯೇ ಇಲ್ಲ. ಕೊರಗ ಸಮುದಾಯದ ಒಬ್ಬರನ್ನಾದರೂ ಕರೆಸಿ ಮಾತಾಡಿಸಬಹುದಿತ್ತು. ಬುಟ್ಟಿ ಹೆಣೆಯುವ ಕೊರಗರ ಮನೆ ದಾರಿಯಲ್ಲೇ ಸಿಕ್ಕಿತು, ವ್ಯಾನ್ ನಿಲ್ಲಲಿಲ್ಲ. ಐಸ್‌ಕ್ರೀಮಿಗೆ ಮಾತ್ರ ಅರ್ಧ ಗಂಟೆ ನಿಂತಿತು.

ಐದಕ್ಕೆ ಎರಡು ನಕ್ಷತ್ರ. ಅದರಲ್ಲಿ ಒಂದೂವರೆ ಅಡುಗೆಯವರಿಗೆ.